ಸಾಕು ಎನ್ನುವ ತೀರ್ಮಾನ: ಕಿರುಚಿತ್ರದ ಬಣ್ಣಗಾರಿಕೆ ಮತ್ತು ಕಾಲದ ಅಂದಾಜು

ಕಿರುಚಿತ್ರವೊಂದರ ಕಲರ್ ಗ್ರೇಡಿಂಗ್‌ಗೆ ಎಷ್ಟು ದಿನ ಬೇಕು ಎಂಬುದು ಮೇಲ್ನೋಟಕ್ಕೆ ಬರೀ ಲೆಕ್ಕದ ಪ್ರಶ್ನೆ. ಶಾಟುಗಳನ್ನು ಎಣಿಸಿ, ಒಂದೊಂದಕ್ಕೆ ಇಷ್ಟು ನಿಮಿಷ ಎಂದು ಗುಣಿಸಿದರೆ ಉತ್ತರ ಸಿಗಬೇಕು. ಆದರೂ ಹೇಳಿದ ಗಡುವು ಮೀರುವುದೇ ಹೆಚ್ಚು. ಇದಕ್ಕೆ ಕಾರಣ ಹುಡುಕಿದರೆ ಎರಡು ತಾತ್ತ್ವಿಕ ಪ್ರಶ್ನೆಗಳು ಎದುರಾಗುತ್ತವೆ. ಇನ್ನೂ ನಡೆಯದ ಕೆಲಸದ ಬಗ್ಗೆ ತಿಳಿವಳಿಕೆ ಹೇಗೆ ಸಾಧ್ಯ ಎಂಬುದು ಒಂದು. ಕೆಲಸ ಮುಗಿಯಿತು ಎಂದು ಯಾವ ಆಧಾರದ ಮೇಲೆ ಹೇಳಬೇಕು ಎಂಬುದು ಇನ್ನೊಂದು.

ಮೊದಲು ಲೆಕ್ಕವನ್ನೇ ನೋಡಬಹುದು. ಹದಿನೈದು ನಿಮಿಷದ ಚಿತ್ರದಲ್ಲಿ 900 ಸೆಕೆಂಡುಗಳಿವೆ. ಒಂದು ಶಾಟ್ ಸರಾಸರಿ ಐದು ಸೆಕೆಂಡು ಎಂದುಕೊಂಡರೆ 180 ಶಾಟುಗಳಾಗುತ್ತವೆ. ಬೆಳಕು, ಕಪ್ಪು, ಬಣ್ಣದ ಸಮತೋಲನಗಳನ್ನು ಸರಿಪಡಿಸಲು ತಲಾ ಮೂರು ನಿಮಿಷ ಹಿಡಿದರೂ ಒಂಬತ್ತು ತಾಸು ಬೇಕು. ಕಣ್ಣಿಗೆ ಬಿಡುವು ಕೊಡುತ್ತ ಕೂತರೆ ಇದು ಒಂದೂವರೆ ದಿನದ ಕೆಲಸ. ಅದಕ್ಕೆ ಮುಂಚೆ ಎಡಿಟ್ ಲಾಕ್ ಆದ ಚಿತ್ರವನ್ನು ಮೂಲ ಫೈಲುಗಳಿಗೆ ಜೋಡಿಸಿಕೊಳ್ಳಲು ಅರ್ಧ ದಿನ, ಚಿತ್ರದ ಒಟ್ಟು ಲುಕ್ ಯಾವುದೆಂದು ನಿರ್ದೇಶಕ ಮತ್ತು ಛಾಯಾಗ್ರಾಹಕರ ಜೊತೆ ಕೂತು ಗೊತ್ತುಮಾಡಲು ಅರ್ಧ ದಿನ. ನಂತರ ಮಾಸ್ಕ್ ಮತ್ತು ಟ್ರ್ಯಾಕಿಂಗ್‌ಗೆ, ಮರುನೋಟದ ತಿದ್ದುಪಡಿಗೆ, ರೆಂಡರ್ ಮತ್ತು ಪರಿಶೀಲನೆಗೆ ತಲಾ ಅರ್ಧ ದಿನ. ಒಟ್ಟು ನಾಲ್ಕು ದಿನ. ಇದರಲ್ಲಿ ಗುಣಾಕಾರ, ಕೂಡಿಕೆಗಳ ತಪ್ಪೇನೂ ಇಲ್ಲ. ತಪ್ಪುವುದು ಅದರ ಹಿಂದಿರುವ ಅನುಮಾನದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವ, ಸರಣಿ.

ನ್ಯಾಯದರ್ಶನದಲ್ಲಿ ಅನುಮಾನ ನಿಲ್ಲುವುದು ವ್ಯಾಪ್ತಿಯ ಮೇಲೆ, ಅಂದರೆ ಹೇತುವಿಗೂ ಸಾಧ್ಯಕ್ಕೂ ಇರುವ ತಪ್ಪದ ಸಂಬಂಧದ ಮೇಲೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎಂಬ ವ್ಯಾಪ್ತಿ ನಿಲ್ಲುತ್ತದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎಂಬುದು ನಿಲ್ಲುವುದಿಲ್ಲ. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ, ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಅನುಮಾನದೊಳಗೆ ಹೀಗೆ ಅಡಗಿ ಕೂತ ಷರತ್ತನ್ನು ನೈಯಾಯಿಕರು ಉಪಾಧಿ ಎನ್ನುತ್ತಾರೆ. ‘ಶಾಟು ಹೆಚ್ಚು, ಆದ್ದರಿಂದ ಸಮಯ ಹೆಚ್ಚು’ ಎಂಬ ವಾದ ಸೋಪಾಧಿಕ. ಒಂದೇ ಕೋಣೆಯಲ್ಲಿ, ಒಂದೇ ದೀಪವ್ಯವಸ್ಥೆಯಲ್ಲಿ, ಒಂದೇ ಕ್ಯಾಮೆರಾದಿಂದ ತೆಗೆದ ಅರವತ್ತು ಶಾಟುಗಳಿದ್ದರೆ ಒಂದನ್ನು ಸರಿಮಾಡಿ ಉಳಿದವಕ್ಕೆ ನಕಲಿಸಿ ಸಣ್ಣಪುಟ್ಟದ್ದನ್ನು ತಿದ್ದಿದರೆ ಸಾಕು. ಬೆಳಕು ಒಂದಕ್ಕೊಂದು ಹೊಂದದ ಆರು ಶಾಟುಗಳು ಅವೆಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನಬಲ್ಲವು.

ಅಡುಗೆಮನೆಯಲ್ಲಿ ತಾಯಿ ಮಗ ಮಾತಾಡುವ ದೃಶ್ಯವೊಂದನ್ನು ಹತ್ತಿರದಿಂದ ನೋಡಿದರೆ ಈ ಉಪಾಧಿ ಸ್ಪಷ್ಟವಾಗುತ್ತದೆ. ಕಿಟಕಿಯಿಂದ ಬರುವ ಹಗಲಿನ ಬೆಳಕಿನ ವರ್ಣತಾಪ ಸುಮಾರು 5600 ಕೆಲ್ವಿನ್. ಒಲೆಯ ಮೇಲೆ ತೂಗುವ ಟಂಗ್‌ಸ್ಟನ್ ಬಲ್ಬಿನದು 2800ರ ಆಸುಪಾಸು. ತಾಯಿಯ ಮುಖದಲ್ಲಿ ಕಿಟಕಿ ಕಡೆಯ ಕೆನ್ನೆ ನೀಲಿ, ಬಲ್ಬಿನ ಕಡೆಯದು ಕಿತ್ತಳೆ. ಕಿತ್ತಳೆಯನ್ನು ತಗ್ಗಿಸಲು ಇಡೀ ಚಿತ್ರಕ್ಕೆ ನೀಲಿ ಸೇರಿಸಿದರೆ ಇನ್ನೊಂದು ಕೆನ್ನೆ ಮತ್ತಷ್ಟು ನೀಲಿಯಾಗುತ್ತದೆ. ಹಾಗಾಗಿ ಒಂದು ಕೆನ್ನೆಗಷ್ಟೇ ಮಾಸ್ಕ್ ಹಾಕಬೇಕು, ಅದು ಮುಖದ ಚಲನೆಯನ್ನು ಹಿಂಬಾಲಿಸಬೇಕು. ಆಕೆ ಸೆರಗಿನಿಂದ ಹಣೆ ಒರೆಸಿಕೊಂಡರೆ ಕೈ ಅಡ್ಡ ಬಂದು ಟ್ರ್ಯಾಕಿಂಗ್ ಕಡಿದುಹೋಗುತ್ತದೆ, ಅಲ್ಲಿಂದ ಫ್ರೇಮ್ ಫ್ರೇಮ್‌ಗೂ ಕೈಯಿಂದ ಸರಿಪಡಿಸಬೇಕಾಗುತ್ತದೆ. ಮಗನ ಕ್ಲೋಸಪ್ಪನ್ನು ಸಂಜೆ ನಾಲ್ಕಕ್ಕೆ ತೆಗೆದಿದ್ದರೆ ಕಿಟಕಿಯ ಬೆಳಕೇ ಬೇರೆಯಾಗಿರುತ್ತದೆ. ಮೂರು ನಿಮಿಷ ಎಂದು ಲೆಕ್ಕ ಹಾಕಿದ್ದ ಶಾಟ್ ಮುಕ್ಕಾಲು ಗಂಟೆ ಹಿಡಿಯುವುದು ಹೀಗೆ. ಆದ್ದರಿಂದ ತೂಕವುಳ್ಳ ಅಂದಾಜು ಇಡೀ ಚಿತ್ರವನ್ನು ಒಮ್ಮೆ ನೋಡದೆ ಹುಟ್ಟುವುದಿಲ್ಲ. ಅಲ್ಲಿ ಎಣಿಸಬೇಕಾದದ್ದು ಶಾಟುಗಳಿಗಿಂತ ಹೆಚ್ಚಾಗಿ ಅವುಗಳ ನಡುವಿನ ಹೊಂದಾಣಿಕೆಯ ಕೊರತೆಗಳನ್ನು.

ಉಪಾಧಿ ಗೊತ್ತಿದ್ದವರೂ ಕಡಿಮೆ ಸಮಯವನ್ನೇ ಹೇಳುವುದುಂಟು. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ 1979ರಲ್ಲಿ ಇದನ್ನು ಯೋಜನೆಯ ಭ್ರಮೆ ಎಂದು ಗುರುತಿಸಿದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ ಸುಮಾರು 34 ದಿನ ಸಾಕು ಎಂದರು. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದು ಕೇಳಿದಾಗ ಸುಮಾರು 49 ಎಂದರು. ನಿಜಕ್ಕೂ ಹಿಡಿದದ್ದು 55ಕ್ಕೂ ಹೆಚ್ಚು ದಿನ. ಕೈಯಲ್ಲಿರುವ ಕೆಲಸ ಹೀಗೆ ಹೀಗೆ ನಡೆದೀತು ಎಂದು ಮನಸ್ಸು ಕಥೆ ಕಟ್ಟುತ್ತದೆ, ಅದರಲ್ಲಿ ಅಡ್ಡಿಗಳಿಗೆ ಜಾಗವಿರುವುದಿಲ್ಲ. ಇದೇ ಬಗೆಯ ಹಿಂದಿನ ಕೆಲಸಗಳು ನಿಜವಾಗಿ ಎಷ್ಟು ಸಮಯ ಹಿಡಿದವು ಎಂದು ನೋಡುವುದೇ ಕಾನೆಮನ್ ಮತ್ತು ಟ್ವೆರ್ಸ್ಕಿ ಸೂಚಿಸಿದ ಪರಿಹಾರ. ಗ್ರೇಡಿಂಗ್ ಮಾಡುವ ಕಲರಿಸ್ಟ್‌ಗೆ ಆ ಪ್ರಮಾಣ ಸಿಗುವುದು ತನ್ನ ಹಳೆಯ ಚಿತ್ರಗಳ ದಾಖಲೆಯಲ್ಲಿ.

ಇಷ್ಟಾದರೂ ಎರಡನೆಯ ಪ್ರಶ್ನೆ ಉಳಿದೇ ಇರುತ್ತದೆ. ಅರಿಸ್ಟಾಟಲ್ ತನ್ನ ಮೆಟಾಫಿಸಿಕ್ಸ್ ಗ್ರಂಥದಲ್ಲಿ ಎರಡು ಬಗೆಯ ಕ್ರಿಯೆಗಳನ್ನು ಬೇರ್ಪಡಿಸುತ್ತಾನೆ. ಮನೆ ಕಟ್ಟುವ ಕ್ರಿಯೆಗೆ ಅದರಾಚೆ ಒಂದು ಕೊನೆಯಿದೆ, ಕಟ್ಟುತ್ತಿರುವಾಗ ಕಟ್ಟಿ ಮುಗಿದಿರುವುದಿಲ್ಲ. ನೋಡುವ ಕ್ರಿಯೆ ಹಾಗಲ್ಲ. ನೋಡುತ್ತಿರುವವನು ಆ ಕ್ಷಣದಲ್ಲೇ ನೋಡಿಯೂ ಆಗಿರುತ್ತಾನೆ. ಕಲರ್ ಗ್ರೇಡಿಂಗ್‌ನಲ್ಲಿ ಇವೆರಡೂ ಬೆರೆತಿವೆ. ಒಂದು ಶಾಟನ್ನು ಇನ್ನೊಂದಕ್ಕೆ ಹೊಂದಿಸುವುದು ಮೊದಲ ಬಗೆಯದು. ಹೊಂದಿತೋ ಇಲ್ಲವೋ ಎಂಬುದನ್ನು ಬೆಳಕು, ಬಣ್ಣಗಳನ್ನು ಅಳೆದು ತೋರಿಸುವ ವೇವ್‌ಫಾರ್ಮ್ ಮತ್ತು ವೆಕ್ಟರ್‌ಸ್ಕೋಪ್ ಬಹುಮಟ್ಟಿಗೆ ಹೇಳುತ್ತವೆ. ಚಿತ್ರದ ಭಾವಕ್ಕೆ ಬಣ್ಣ ಒಪ್ಪುತ್ತದೆಯೇ ಎಂದು ನೋಡುವುದು ಎರಡನೆಯ ಬಗೆಯದು. ಅದು ಯಾವ ಕ್ಷಣದಲ್ಲಾದರೂ ನಿಲ್ಲಬಹುದು, ಎಷ್ಟು ಹೊತ್ತಾದರೂ ಮುಂದುವರಿಯಬಹುದು.

ಗುರಿ ಮೊದಲೇ ಗೊತ್ತಿದ್ದರೆ ಈ ಎರಡನೆಯ ಬಗೆಗೂ ಒಂದು ದಡ ಸಿಗುತ್ತದೆ. ಇಡೀ ಚಿತ್ರವನ್ನು ಡಿಜಿಟಲ್ ರೂಪಕ್ಕೆ ತಂದು ಗ್ರೇಡಿಂಗ್ ಮಾಡಿದ ಮೊದಲ ಸಾಲಿನ ಹಾಲಿವುಡ್ ಚಿತ್ರ, ಕೋಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ 2000ದಲ್ಲಿ ತೆರೆಕಂಡಿತು. ಚಿತ್ರೀಕರಣ ನಡೆದದ್ದು ಬೇಸಿಗೆಯ ಹಸಿರು ತುಂಬಿದ ಮಿಸಿಸಿಪ್ಪಿಯಲ್ಲಿ. ಕಥೆಗೆ ಬೇಕಾದದ್ದು 1930ರ ದಶಕದ ಒಣಗಿದ, ಧೂಳು ಹಿಡಿದ ನೆಲ. ಹಸಿರನ್ನೆಲ್ಲ ಒಣ ಹಳದಿಗೆ ತಿರುಗಿಸುವ ಕೆಲಸದಲ್ಲಿ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಹನ್ನೊಂದು ವಾರ ತೊಡಗಿದ್ದರು. ಅವಧಿ ದೊಡ್ಡದೇ, ಆದರೆ ಏನಾಗಬೇಕೆಂಬುದು ಒಂದೇ ಮಾತಿನಲ್ಲಿ ಹೇಳಬಹುದಾಗಿತ್ತು. ಲುಕ್ ಇನ್ನೂ ತೀರ್ಮಾನವಾಗದ ಕಿರುಚಿತ್ರಕ್ಕೆ ಅಷ್ಟು ಮಟ್ಟಿನ ಕೊನೆಯೂ ಇರುವುದಿಲ್ಲ.

ಹೆಚ್ಚು ಹೊತ್ತು ಕೂತಷ್ಟೂ ಬಣ್ಣ ನಿಜಕ್ಕೆ ಹತ್ತಿರವಾಗುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಕಣ್ಣು ಎದುರಿಗಿರುವ ಬೆಳಕಿಗೆ ಒಗ್ಗಿಕೊಳ್ಳುತ್ತದೆ. ಹಳದಿ ಛಾಯೆಯ ಚಿತ್ರವನ್ನೇ ನೋಡುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅದೇ ಬಿಳಿಯೆನಿಸತೊಡಗುತ್ತದೆ. ಅಳೆಯುವ ಕಣ್ಣೇ ಅಳತೆಯ ನಡುವೆ ಬದಲಾಗುವುದರಿಂದ ಕಲರಿಸ್ಟರು ಹೊರಗಿನ ಆಸರೆ ಹಿಡಿಯುತ್ತಾರೆ. ಟಿವಿ ಮತ್ತು ವೆಬ್ ಪ್ರದರ್ಶನಕ್ಕಾದರೆ ಮಾನಿಟರಿನ ಬಿಳಿಯನ್ನು ಡಿ65 ಎಂಬ ಮಾನಕ ಬಿಳಿಗೆ, ಪ್ರಖರತೆಯನ್ನು 100 ನಿಟ್ಸ್‌ಗೆ ಹೊಂದಿಸಿಕೊಳ್ಳುತ್ತಾರೆ. ಚಿತ್ರಮಂದಿರದ ಪರದೆಗಾದರೆ ಪ್ರಖರತೆ 48 ನಿಟ್ಸ್. ಆಗಾಗ ಬೂದು ಗೋಡೆಯ ಕಡೆ ನೋಡುತ್ತಾರೆ, ಮುಗಿದ ಕೆಲಸವನ್ನು ಮರುದಿನ ಬೆಳಿಗ್ಗೆ ಮತ್ತೆ ನೋಡುತ್ತಾರೆ. ಆ ಬಿಡುವನ್ನೂ ಅಂದಾಜಿನಲ್ಲಿ ಸೇರಿಸಬೇಕು. ಈ ಮಾನದಂಡಗಳು ನೋಟವನ್ನು ಸ್ಥಿರಗೊಳಿಸುತ್ತವೆ. ‘ಇಷ್ಟು ಸಾಕು’ ಎಂದು ಹೇಳುವ ಅಧಿಕಾರ ಅವಕ್ಕಿಲ್ಲ.

ಈ ‘ಸಾಕು’ ಎಲ್ಲಿಂದ ಬರಬೇಕು ಎಂಬುದಕ್ಕೆ ಮೀಮಾಂಸಾಶಾಸ್ತ್ರದಲ್ಲಿ ಒಂದು ದಾರಿಯಿದೆ. ವಿಧಿವಾಕ್ಯ ಕೇಳಿದೊಡನೆ ಮೂರು ಆಕಾಂಕ್ಷೆಗಳು ಏಳುತ್ತವೆ: ಏನನ್ನು ಸಾಧಿಸಬೇಕು, ಯಾವುದರಿಂದ, ಹೇಗೆ. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಕರ್ಮದ ಆಕಾರ ಗೊತ್ತಾಗುತ್ತದೆ. ಅದು ಪೂರ್ಣವಾಯಿತೆಂದು ತೀರ್ಮಾನವಾಗುವುದು ವಿಧಿಯಲ್ಲಿ ಹೇಳಿದ್ದೆಲ್ಲ ನಡೆದಾಗ, ಮಾಡಿದವನ ಮನಸ್ಸಿಗೆ ತೃಪ್ತಿಯಾದಾಗಲ್ಲ. ಯಾವುದು ಪ್ರಧಾನ, ಯಾವುದು ಅಂಗ ಎಂಬ ವಿಂಗಡಣೆಯೂ ಈ ಶಾಸ್ತ್ರದಲ್ಲಿ ಬಹು ಮುಖ್ಯ. ಗ್ರೇಡಿಂಗ್‌ಗೂ ಇದು ಸಲ್ಲುತ್ತದೆ. ದೃಶ್ಯದಿಂದ ದೃಶ್ಯಕ್ಕೆ ಮುಖದ ಬಣ್ಣ ಜಿಗಿಯದಿರುವುದು, ಕತ್ತಲಲ್ಲೂ ನಟನ ಕಣ್ಣು ಕಾಣುವುದು ಪ್ರಧಾನ. ಆಕಾಶವನ್ನು ಇನ್ನಷ್ಟು ಗಾಢಗೊಳಿಸುವುದು, ಅಂಚನ್ನು ಮಬ್ಬಾಗಿಸುವುದು ಅಂಗ. ಸಮಯ ಸಾಲದಾದಾಗ ಬಿಡಬೇಕಾದದ್ದು ಅಂಗವನ್ನು. ಪ್ರಧಾನವನ್ನು ಕತ್ತರಿಸಿ ಗಡುವು ಉಳಿಸಿದರೆ ಕೆಲಸ ಮುಗಿದಂತಾಗುವುದಿಲ್ಲ.

ಹೀಗೆ ನೋಡಿದರೆ ಗ್ರೇಡಿಂಗ್‌ನ ಅಂದಾಜಿಗೆ ಎರಡು ಭಾಗಗಳಿವೆ. ಜೋಡಣೆ, ಹೊಂದಾಣಿಕೆ, ಮಾಸ್ಕ್, ರೆಂಡರ್‌ಗಳ ಭಾಗ ಅನುಮಾನಕ್ಕೆ ಸೇರಿದ್ದು, ಹಿಂದಿನ ದಾಖಲೆ ಮತ್ತು ಉಪಾಧಿಗಳ ಪರಿಶೀಲನೆಯಿಂದ ಅದನ್ನು ನಂಬುವಂತೆ ಹೇಳಬಹುದು. ಲುಕ್ ಮತ್ತು ತಿದ್ದುಪಡಿಗಳ ಭಾಗ ಸಂಕಲ್ಪಕ್ಕೆ ಸೇರಿದ್ದು, ಅಲ್ಲಿ ಕಾಲವನ್ನು ಕಂಡುಹಿಡಿಯುವುದಲ್ಲ, ಗೊತ್ತುಮಾಡುವುದು. ಎಷ್ಟು ಸುತ್ತು ತಿದ್ದುಪಡಿ, ಕೊನೆಯ ಮಾತು ನಿರ್ದೇಶಕನದೋ ನಿರ್ಮಾಪಕನದೋ, ಯಾವ ಪರದೆಗಾಗಿ ಈ ಚಿತ್ರ ಎಂಬುದನ್ನು ಕೆಲಸಕ್ಕೆ ಕೂರುವ ಮುಂಚೆಯೇ ಬರೆದಿಟ್ಟರೆ ಆ ಭಾಗಕ್ಕೂ ಕೊನೆ ಇರುತ್ತದೆ. ಅದಿಲ್ಲದೆ ‘ನಾಲ್ಕು ದಿನ’ ಎಂದು ಒಂದೇ ಸಂಖ್ಯೆ ಹೇಳುವುದು ತಿಳಿಯದ್ದನ್ನು ತಿಳಿದಂತೆ ಹೇಳುವುದೇ ಸರಿ. ‘ಈ ಷರತ್ತುಗಳಿದ್ದರೆ ನಾಲ್ಕು, ಇಲ್ಲದಿದ್ದರೆ ಏಳರವರೆಗೆ’ ಎನ್ನುವ ಕಲರಿಸ್ಟ್ ಮಾತ್ರ ತನ್ನ ತಿಳಿವಳಿಕೆಯ ಗಡಿಯನ್ನೂ ಕೊಟ್ಟ ಮಾತಿನ ಹೊಣೆಯನ್ನೂ ಒಟ್ಟಿಗೆ ಒಪ್ಪಿಕೊಳ್ಳುತ್ತಾನೆ.