ಬಿದ್ದಾಂವನ್ನ ನೋಡು

ಕೆಂಭಾವಿಯ ನಮ್ಮ ತವರುಮನೆಯ ಮಾಳಿಗೆ ಹತ್ತಿದರೆ ಜಾತ್ರೆಯ ಕುಸ್ತಿ ಕಣ ಕಾಣುತ್ತಿತ್ತು. ಹೆಣ್ಣುಮಕ್ಕಳು ಕಣದ ಹತ್ತಿರ ಸುಳಿಯುವಂತಿರಲಿಲ್ಲ, ಅಲ್ಲಿಂದಲೇ ನೋಡಬೇಕು. ಮೊಣಕಾಲು ಕೆಟ್ಟು ಗರಡಿ ಬಿಟ್ಟಿದ್ದ ಸೋದರಮಾವನೂ ನಮ್ಮ ಜೊತೆ ಕೂಡುತ್ತಿದ್ದ. ಸೋಲು ಗೆಲುವು ತೀರುವವರೆಗೆ ಬಿಡದೆ ಹಿಡಿಯುವುದು ನಿಕಾಲಿ ಕುಸ್ತಿ. ಮೊದಲೇ ಮಾತಾಡಿಕೊಂಡು ಬಂದು ಆಡಿ ತೋರಿಸುವುದೂ ಒಂದುಂಟು, ಉರ್ದುವಿನಲ್ಲಿ ಅದಕ್ಕೆ ನೂರಾ ಕುಸ್ತಿ ಎನ್ನುತ್ತಾರೆ. ನಮಗೆ ಎರಡೂ ಒಂದೇ ಥರ ಕಾಣುತ್ತಿದ್ದವು.

“ಒಗದಾಂವನ್ನ ಏನ್ ನೋಡ್ತಿ? ಬಿದ್ದಾಂವನ್ನ ನೋಡು” ಎನ್ನುತ್ತಿದ್ದ ಮಾವ. ಸುಳ್ಳು ಬೀಳುವವನು ಚೆಂದಾಗಿ ಬೀಳುತ್ತಾನಂತೆ. ನಿಜವಾಗಿ ಬೀಳುವವನ ಹಿಮ್ಮಡಿ ಮೊದಲು ಏಳುತ್ತದೆ, ಕೈ ಸಿಕ್ಕಿದ್ದನ್ನು ತಡಕುತ್ತದೆ, ಮುಖ ಗಾಬರಿಯಾಗಿರುತ್ತದೆ.

ಮೊನ್ನೆ ನಾವೀಗಿರುವ ಊರಿನಲ್ಲಿ ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸುವ ಮಾಸ್ತರೊಬ್ಬರ ಪ್ರದರ್ಶನಕ್ಕೆ ಹೋದಾಗ ಈ ಮಾತು ನೆನಪಾಯಿತು. ಚೀನಾದ ತೈಚಿ ವಿದ್ಯೆ, ತೋಳಿನದಲ್ಲ, ಒಳಗಿನ ಬಲ ಎಂದರು. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಎದುರಿನವರ ಭಾರ ಯಾವ ಕಡೆ ವಾಲುತ್ತಿದೆಯೆಂದು ಚರ್ಮದಿಂದಲೇ ಕೇಳಿಸಿಕೊಳ್ಳುವ ಅಭ್ಯಾಸ ಅದರಲ್ಲಿದೆ. ಅದು ಸುಳ್ಳಲ್ಲ. ತೈಚಿ ಮಾಡುವ ಮುದುಕರು ಕಾಲು ಜಾರಿ ಬೀಳುವುದು ಕಡಿಮೆಯೆಂದು ವೈದ್ಯರೂ ಪರೀಕ್ಷೆ ಮಾಡಿ ಕಂಡಿದ್ದಾರೆ. ಆದರೆ ಅಂದು ಮಾಸ್ತರು ಅಂಗೈ ಸೋಕಿಸುವ ಮೊದಲೇ ಶಿಷ್ಯ ಎರಡೂ ಕಾಲು ಜೋಡಿಸಿ ಹಿಂದಕ್ಕೆ ಕುಪ್ಪಳಿಸಿದ. ನಾಲ್ಕು ಸಲ ಬಿದ್ದ, ನಾಲ್ಕೂ ಸಲ ಒಂದೇ ಥರ. ನನ್ನ ಮಗಳು ಕಣ್ಣರಳಿಸಿ ನೋಡುತ್ತಿದ್ದಳು.

ಆ ಶಿಷ್ಯ ಮೋಸಗಾರನೆ? ಹಾಗೆನ್ನಲು ಬಾಯಿ ಬರುವುದಿಲ್ಲ. ಗರಡಿಯಲ್ಲೂ ಒಬ್ಬ ಪಟ್ಟು ಕಲಿಯಲೆಂದು ಇನ್ನೊಬ್ಬ ಹತ್ತು ಸಲ ಬೀಳುತ್ತಾನೆ, ಅದು ಉಪಕಾರ. ಅದನ್ನೇ ಜನರ ಮುಂದೆ ಪರೀಕ್ಷೆಯೆಂದು ತೋರಿಸಿದಾಗ ಮಾತು ಬೇರೆಯಾಗುತ್ತದೆ. ಜಪಾನಿನಲ್ಲಿ ಯಾನಾಗಿ ರ್ಯೂಕೆನ್ ಎಂಬ ಗುರುವಿದ್ದರು. ಮುಟ್ಟದೆಯೇ ಶಿಷ್ಯರನ್ನು ಸಾಲಾಗಿ ಉರುಳಿಸುತ್ತಿದ್ದರು. 2006ರಲ್ಲಿ ಹೊರಗಿನ ಹೋರಾಟಗಾರನೊಬ್ಬನ ಎದುರು ನಿಂತಾಗ ಕ್ಷಣಗಳಲ್ಲಿ ಪೆಟ್ಟು ತಿಂದು ಸೋತರು. ನನಗೆ ಕಾಡುವುದು ಅವರ ಸೋಲಲ್ಲ, ಅವರು ಆ ಪಂದ್ಯಕ್ಕೆ ಒಪ್ಪಿಕೊಂಡದ್ದು. ತಮ್ಮ ವಿದ್ಯೆಯನ್ನು ತಾವೇ ನಂಬಿರದಿದ್ದರೆ ಒಪ್ಪುತ್ತಿದ್ದರೆ? ಆ ನಂಬಿಕೆ ಕಟ್ಟಿದವರು ವಿನಯದಿಂದ ಬಿದ್ದ ಶಿಷ್ಯರೇ ಇರಬೇಕು.

ನಾನೂ ಹಾಗೆ ಬಿದ್ದವಳೇ. ಮದುವೆಯಾದ ಹೊಸದರಲ್ಲಿ ಮನೆಯ ಹಿರಿಯರೊಬ್ಬರು ಮಂತ್ರಿಸಿ ಹಣೆ ಒತ್ತಿದರೆ ತಲೆನೋವು ಇಳಿಯಿತೆಂದು ಹೇಳುತ್ತಿದ್ದೆ. ಇಳಿದಿರುತ್ತಿರಲಿಲ್ಲ. ಬರಬರುತ್ತ ಇಳಿದ ಹಾಗೇ ಅನಿಸತೊಡಗಿತೆಂಬುದೂ ನಿಜ. ಆಮೇಲೆ ಓಣಿಯ ಹೆಂಗಸರು ಜ್ವರದ ಕೂಸುಗಳನ್ನು ಎತ್ತಿಕೊಂಡು ಬರಲಾರಂಭಿಸಿದರು. ಸಾಕ್ಷಿ ಯಾರು? ನಾನು. ಆಗಲೂ ಬಾಯಿ ಬಿಡಲಿಲ್ಲ.

ಪ್ರದರ್ಶನದ ಮರುವಾರ ಮಗಳು ಅಡುಗೆಮನೆಗೆ ಬಂದು, “ಅವ್ವಾ, ನನ್ನ ಕೈ ಗಟ್ಟಿ ಹಿಡಿ, ಹೆಂಗ ಬಿಡಿಸ್ಕೋತೀನಿ ನೋಡು” ಎಂದಳು. ಹಿಡಿದೆ. ಹೆಬ್ಬೆರಳಿನ ಕಡೆಗೆ ತಿರುವಿ ಎಳೆದಳು. ಆ ಉಪಾಯವೇನೋ ಸರಿಯೇ, ಹಿಡಿತ ಸಡಿಲವಾಗಿರುವುದು ಅಲ್ಲಿಯೇ. ಆದರೆ ಅವಳು ಇದುವರೆಗೆ ಎಳೆದದ್ದೆಲ್ಲ ಬಿಡಲು ಸಿದ್ಧವಿದ್ದ ಗೆಳತಿಯರ ಕೈಯಿಂದ. ಬಿಟ್ಟುಬಿಡೋಣ, ಕೂಸಿನ ಮುಖ ಅರಳಲಿ ಎಂದು ಒಂದು ಗಳಿಗೆ ಅನಿಸಿತು. ಸಂಜೆ ಟ್ಯೂಶನ್ ಮುಗಿಸಿ ಅವಳು ಒಬ್ಬಳೇ ಬರುವ ದಾರಿ ಕಣ್ಣ ಮುಂದೆ ಬಂತು. ಬಿಡಲಿಲ್ಲ. ಮೂರು ಸಲ ಎಳೆದಳು. ನನ್ನ ಬಳೆ ಒಡೆಯಿತು, ಅವಳ ಮಣಿಕಟ್ಟು ಕೆಂಪಾಯಿತು.

“ನೀ ಯಾಕ ಬಿಡಲಿಲ್ಲ?” ಎಂದು ಅಳುತ್ತ ಹೋದಳು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗ ಹಿಂದೆ ಬಂದು ನಿಂತು ಕೈ ಚಾಚಿದಳು.

“ಬಳಿ ತಗದಿಟ್ಟು ಹಿಡಿ” ಎಂದಳು.