ಇನ್ನೊಂದು ಪ್ರಶ್ನೆ

ಬೆಂಗಳೂರಿನ ಕುಕ್ ಟೌನಿನ ಮಿಲ್ಟನ್ ಸ್ಟ್ರೀಟಿನಲ್ಲಿ ಸಂಜೆ ಅಡ್ಡಾಡುವವರಲ್ಲಿ, ಈ ಮಿಲ್ಟನ್ ಇಂಗ್ಲಿಷ್ ಕವಿಯೋ ಬೇರೆ ಯಾವನಾದರೂ ದೊರೆಯೋ ಎಂದು ತಲೆ ಕೆಡಿಸಿಕೊಳ್ಳುವವರು ಕಡಿಮೆ. ಹೆಸರು ಫಲಕದ ಮೇಲಿದೆ. ಇಟ್ಟವರನ್ನು ಕೇಳೋಣವೆಂದರೆ ಅವರಿಲ್ಲ. ಬ್ರಿಟಿಷರ ದಂಡಿನ ಈ ಭಾಗದ ತುಂಬ ಇಂಥವೇ ಹೆಸರುಗಳು. ಪಕ್ಕದ ಫ್ರೇಜರ್ ಟೌನ್ ಪುಲಕೇಶಿನಗರವಾಯಿತು, ವಿಧಾನಸಭಾ ಕ್ಷೇತ್ರ ಸರ್ವಜ್ಞನಗರವಾಯಿತು. ಆಟೋದವರಿಗೆ ಮಾತ್ರ ಇವತ್ತಿಗೂ ಹಳೆಯ ಹೆಸರನ್ನೇ ಹೇಳಬೇಕು.

ಹೀಗೆ ಹೆಸರಾಗಿ ಉಳಿದವರಲ್ಲಿ ರಿಚರ್ಡ್ಸ್ ಒಬ್ಬರು. ದಂಡಿನ ಕಲೆಕ್ಟರಾಗಿದ್ದ ಎಫ್. ಜೆ. ರಿಚರ್ಡ್ಸ್, 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಮೊದಲ ಅಧ್ಯಕ್ಷರು. ಶಾಸನ, ಜಾನಪದ, ಚರಿತ್ರೆ ಎಂದು ವಿದ್ವಾಂಸರು ಕೂಡಿ ಮಾತಾಡಲು ಕಟ್ಟಿಕೊಂಡ ಕೂಟ ಅದು. ಅದರ ತ್ರೈಮಾಸಿಕದಲ್ಲಿ ಅಚ್ಚಾದ ಪ್ರಬಂಧಗಳು ಇಂದಿಗೂ ಓದಲು ಸಿಗುತ್ತವೆ. ಸಭೆ ಮುಗಿಸಿ ಮೆಟ್ಟಿಲಿಳಿಯುತ್ತ ಆಡಿದ ಮಾತು ಅಲ್ಲೇ ಬಿದ್ದುಹೋಯಿತು.

ಈಗ ಹಾಗಾಗುವುದಿಲ್ಲ ಎಂಬುದು ನಮ್ಮ ಧೈರ್ಯ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಕಾದಂಬರಿಕಾರರು, ಪ್ರೊಫೆಸರುಗಳು, ಗಾಯಕರು ವೇದಿಕೆಯ ಕುರ್ಚಿಗಳಲ್ಲಿ ಕೂತು ತಮ್ಮ ಬದುಕು, ಕೆಲಸಗಳ ಬಗ್ಗೆ ಮಾತಾಡುತ್ತಾರೆ. ಮಾತು ರೆಕಾರ್ಡಾಗುತ್ತದೆ, ಹಿಂದಿನ ಸಾಲಿನವರ ಕೆಮ್ಮಿನ ಸಮೇತ. ಆದರೂ ಕಳೆಯುವುದು ಕಳೆಯುತ್ತಲೇ ಇದೆ. ನಾವು ಕಾಯುತ್ತಿರುವ ಬಾಗಿಲಿನಿಂದ ಅದು ಹೊರಗೆ ಹೋಗುತ್ತಿಲ್ಲ, ಅಷ್ಟೆ.

ಗಾಯಕಿ ಗೌಹರ್ ಜಾನ್ ವಿಷಯ ನೋಡಿ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಆಕೆಯ ಹಾಡನ್ನು ಮುದ್ರಿಸಿಕೊಂಡ. ಸುಮಾರು ಮೂರು ನಿಮಿಷದ ತಟ್ಟೆ. ಹಾಡು ಮುಗಿಯುತ್ತಿದ್ದಂತೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾಳೆ. ಅದು ರಸಿಕರಿಗಾಗಿ ಹೇಳಿದ್ದಲ್ಲ. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಹೇಳಿದ್ದು. ಆ ಕೆಲಸಗಾರರು ಹೋದರು. ಕಾರ್ಖಾನೆಯ ಆ ಕಾಲವೂ ಹೋಯಿತು. 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದ ಗೌಹರ್, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಕೂಗು ಮಾತ್ರ ಉಳಿದು, ಈಗ ನಮ್ಮನ್ನೇ ಕರೆದು ಹೇಳಿದಂತೆ ಕೇಳಿಸುತ್ತದೆ. ಯಾರನ್ನೋ ಉದ್ದೇಶಿಸಿದ್ದ ಮಾತಿಗೆ ನಾವು ಉತ್ತರಾಧಿಕಾರಿಗಳಾಗಿದ್ದೇವೆ. ಆದರೆ, ಅಮ್ಮಾ, ಮೂರು ನಿಮಿಷಕ್ಕೆ ಖಯಾಲನ್ನು ಹೇಗೆ ಕುಗ್ಗಿಸಿದಿರಿ, ಏನೇನು ಬಿಟ್ಟಿರಿ, ಬಿಟ್ಟದ್ದಕ್ಕೆ ಸಂಕಟವಾಯಿತೇ ಎಂದು ಕೇಳುವ ಹಾಗಿಲ್ಲ. ದನಿ ಇದೆ, ಮರುಪ್ರಶ್ನೆಗೆ ದಾರಿಯಿಲ್ಲ.

ಮನುಷ್ಯನ ಜೊತೆ ಮೊದಲು ಸಾಯುವುದು ಈ ಮರುಪ್ರಶ್ನೆಯೇ ಎಂದು ನನಗೆ ಅನ್ನಿಸುತ್ತದೆ. ಉತ್ತರಗಳು ಹೇಗೋ ಬದುಕಿಕೊಳ್ಳುತ್ತವೆ. ಟಿ. ಪಿ. ಕೈಲಾಸಂ ಎಷ್ಟೋ ನಾಟಕಗಳನ್ನು ಕೂತು ಬರೆದವರಲ್ಲ, ಬಾಯಲ್ಲಿ ಹೇಳುತ್ತಿದ್ದರು. ಗೆಳೆಯರು, ಶಿಷ್ಯರು ಬರೆದುಕೊಂಡಷ್ಟು ನಮಗೆ ದಕ್ಕಿತು. 1946ರಲ್ಲಿ ಅವರು ಹೋದಾಗ, ಬರೆದುಕೊಳ್ಳದ್ದರ ಜೊತೆಗೆ, ‘ಸಾರ್, ಈ ಪಾತ್ರ ಆಮೇಲೆ ಏನಾದಳು?’ ಎಂದು ಕೇಳುವ ಸಲಿಗೆಯೂ ಹೋಯಿತು. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ಸಾಹಿತಿಗಳು, ಪಂಡಿತರು, ದಿವಾನರು, ಸಂಗೀತಗಾರರು ಎಲ್ಲ ಎದ್ದು ಬಂದು ಮಾತಾಡುತ್ತಾರೆ. ಟೇಪಿಲ್ಲ, ಟಿಪ್ಪಣಿಯ ಆಡಂಬರವಿಲ್ಲ. ಎಷ್ಟೋ ವರ್ಷಗಳ ಮೇಲೆ ನೆನಪಿನಿಂದ ಬರೆದದ್ದು. ಪದಪದವೂ ಹಾಗೇ ಆಡಿದ್ದರೇ ಎಂದು ಅನುಮಾನಿಸಬಹುದು. ನನಗೆ ಅದರ ಚಿಂತೆಯಿಲ್ಲ. ಡಿ.ವಿ.ಜಿ. ಎದುರಿಗಿದ್ದುದರಿಂದಲೇ ಆ ಜನ ಹಾಗೆ ಮಾತಾಡಿದರು ಎಂಬುದು ಓದುವಾಗ ಗೊತ್ತಾಗುತ್ತದೆ. ಬೇರೆಯವರು ಕೇಳಿದ್ದರೆ ಬೇರೆಯದೇ ಬರುತ್ತಿತ್ತು.

ಕುಕ್ ಟೌನ್, ಕಾಕ್ಸ್ ಟೌನ್ ಕಡೆ ಪಿಯಾನೋ ಹೇಳಿಕೊಟ್ಟೇ ಮುಪ್ಪಾದ ಆಂಟಿಯರ ಮನೆಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸಂದರ್ಶನಕ್ಕೆ ಹೋದವರ ಜೊತೆ ಇಂಗ್ಲಿಷ್. ಅಡುಗೆಯವಳಿಗೆ ಗದರುವುದು ತಮಿಳಿನಲ್ಲಿ. ಸೊಪ್ಪಿನವಳ ಹತ್ತಿರ ಚೌಕಾಸಿ ಕನ್ನಡದಲ್ಲಿ. ರೆಕಾರ್ಡರು ಹಿಡಿಯುವುದು ಮೊದಲನೆಯದನ್ನು. ಚರ್ಚಿನ ಕಾಯರು, ಪರೀಕ್ಷೆ, ಶಿಷ್ಯರು, ಎಲ್ಲ ಹಲವು ಸಲ ಹೇಳಿ ನುಣುಪಾದ ಮಾತು. ತಮಿಳಿನಲ್ಲಿ ಅವರು ಯಾರು, ಕನ್ನಡದಲ್ಲಿ ಯಾರು ಎಂದು ಕೇಳುವವರು ಬರುವುದು ಅಪರೂಪ. ಕೇಳದೆ ಇದ್ದದ್ದಕ್ಕೆ ಯಾವ ದಾಖಲೆಯೂ ಇರುವುದಿಲ್ಲವಾದ್ದರಿಂದ, ಅದು ಕಳೆದುಹೋಯಿತೆಂದು ದುಃಖಪಡುವವರೂ ಇರುವುದಿಲ್ಲ.

ಬುದ್ಧನಿಗೆ ಇದು ತಿಳಿದಿತ್ತು. ಮಹಾಪರಿನಿರ್ವಾಣದ ಸೂತ್ರದಲ್ಲಿ, ಕುಶಿನಾರದ ಸಾಲವೃಕ್ಷಗಳ ನಡುವೆ ಮಲಗಿ, ಸಂಶಯವೇನಾದರೂ ಇದ್ದರೆ ಈಗಲೇ ಕೇಳಿಬಿಡಿ, ಎದುರಿಗಿದ್ದಾಗ ಕೇಳಲಿಲ್ಲವಲ್ಲ ಎಂದು ಆಮೇಲೆ ಹಲುಬಬೇಡಿ ಎನ್ನುತ್ತಾನೆ. ಮೂರು ಸಲ ಹೇಳುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಗುರುವಿನ ಗೌರವ ಅಡ್ಡ ಬಂದರೆ ಗೆಳೆಯ ಗೆಳೆಯನಿಗೆ ಹೇಳಲಿ ಎಂದೂ ಅನ್ನುತ್ತಾನೆ, ಆಗಲೂ ಮೌನ. ಭಿಕ್ಷುಗಳಿಗೆ ಸಂಶಯವೇ ಇರಲಿಲ್ಲ ಎನ್ನುತ್ತದೆ ಗ್ರಂಥ. ಇರಬಹುದು. ಸಂಕೋಚವೂ ಸ್ವಲ್ಪ ಇತ್ತೇನೋ ಎಂದು ನನ್ನ ಗುಮಾನಿ. ಕೇಳಿ ಪಡೆದವನು ಸುಭದ್ದ: ಅದೇ ರಾತ್ರಿ ಬಂದು, ಶಿಷ್ಯ ಆನಂದ ಮೂರು ಸಲ ತಡೆದರೂ ಬಿಡದೆ ನಿಂತ ಹೊರಗಿನವನು.

ಉತ್ತರ ಉಳಿದು ಪ್ರಶ್ನೆ ಹೋದಾಗ ಏನು ಮಾಡಬೇಕೆಂಬುದಕ್ಕೆ ಕನ್ನಡದಲ್ಲಿ ಒಂದು ದಿಟ್ಟ ಪ್ರಯತ್ನ ನಡೆದಿದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿ ಉಳಿದಿದ್ದವು. ಯಾವುದು ಯಾರಿಗೆ, ಯಾವ ಸಂದರ್ಭಕ್ಕೆ ಹೇಳಿದ್ದು ಎಂದು ಹೇಳುವವರಿರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಅವನ್ನು ಸಂವಾದವಾಗಿ ಜೋಡಿಸಿ ಶೂನ್ಯಸಂಪಾದನೆ ಕಟ್ಟಿದ: ಅಲ್ಲಮ ಕೇಳುತ್ತಾನೆ, ಅಕ್ಕ ಉತ್ತರಿಸುತ್ತಾಳೆ, ಬಸವಣ್ಣ ನಡುವೆ ಬರುತ್ತಾನೆ. ನಮ್ಮ ಸಂಕಲನಕಾರರು ಇವತ್ತು ಸಂದರ್ಶನದಿಂದ ಮೊದಲು ಕತ್ತರಿಸಿ ಎಸೆಯುವುದು ಪ್ರಶ್ನೆ ಕೇಳಿದವನ ದನಿಯನ್ನು. ಮಹಾದೇವಯ್ಯ ಮಾಡಿದ್ದು ಅದರ ತದ್ವಿರುದ್ಧ. ಆ ಜೋಡಣೆಯೂ ನಿಲ್ಲಲಿಲ್ಲ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಒಬ್ಬರಾದ ಮೇಲೊಬ್ಬರು ಬಿಚ್ಚಿ ಮತ್ತೆ ಕಟ್ಟಿದರು. ಮೊದಲನೆಯದರಲ್ಲಿ ಇಲ್ಲದ ಸಿದ್ಧರಾಮನ ದೀಕ್ಷೆ ಆಮೇಲಿನವುಗಳಲ್ಲಿ ಬಂದು ಸೇರಿತು. ಶರಣರ ಕಲ್ಯಾಣ ಚದುರಿ ಮುನ್ನೂರು ವರ್ಷವಾದ ಮೇಲೂ ಸಿದ್ಧರಾಮನನ್ನು ಕೇಳುವುದು ಅವರಿಗೆ ಬಾಕಿ ಇತ್ತು.