ರೇಷ್ಮೆಯ ಮಡಿ

ಮಡಿ ಇರುವುದು ಬಟ್ಟೆಯಲ್ಲೋ, ಮುಟ್ಟುವುದರಲ್ಲೋ ಎಂಬ ಪ್ರಶ್ನೆ ರೇಷ್ಮೆಯ ವಿಷಯದಲ್ಲಿ ಬಹಳ ತೊಡಕಾಗುತ್ತದೆ. ಹತ್ತಿಯ ಪಂಚೆಯಾಗಲಿ ಒಳಗೆ ಕಟ್ಟುವ ಕೌಪೀನವಾಗಲಿ, ಒಗೆದು, ಮಡಿಕೋಲಿನಿಂದ ಗಳುವಿನ ಮೇಲೆ ಹರವಿ, ಯಾರೂ ಮುಟ್ಟದಂತೆ ಒಣಗಿಸಿದರಷ್ಟೇ ಮಡಿ. ರೇಷ್ಮೆಯ ಮಗುಟಕ್ಕೆ ಈ ಕಟ್ಟುಪಾಡು ಸಡಿಲ. ಇವತ್ತು ಪೂಜೆಗೆ ಉಟ್ಟಿದ್ದನ್ನು ಒಗೆಯದೆ ನಾಳೆಯೂ ಉಡಬಹುದು. ಶಾಸ್ತ್ರ ಇಷ್ಟು ಉದಾರವಾಗಿಲ್ಲ. ಮನುಸ್ಮೃತಿಯ 5ನೇ ಅಧ್ಯಾಯ ರೇಷ್ಮೆಯನ್ನೂ ಉಣ್ಣೆಯನ್ನೂ ಸವುಳು ಮಣ್ಣಿನಿಂದ ಶುದ್ಧಿ ಮಾಡಬೇಕೆನ್ನುತ್ತದೆ. ಪದೇ ಪದೇ ಒಗೆದರೆ ರೇಷ್ಮೆ ಕೆಡುತ್ತದೆ, ಬೆಲೆಯೂ ದುಬಾರಿ. ರೂಢಿಯ ರಿಯಾಯಿತಿಗೆ ಅದೂ ಕಾರಣವಿದ್ದೀತು.

ಬಟ್ಟೆಯ ಹುಟ್ಟನ್ನು ನೋಡಿದರೆ ತೊಡಕು ಇನ್ನೂ ಹೆಚ್ಚುತ್ತದೆ. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯ ರೈತರು ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ರಾಮನಗರದ ಮಾರುಕಟ್ಟೆಗೆ ತರುತ್ತಾರೆ. ಹರಾಜಿನಲ್ಲಿ ಕೊಂಡ ರೀಲರುಗಳು ನೂಲು ಬಿಚ್ಚುತ್ತಾರೆ. ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬಿದ್ದರೆ ನೂರಾರು ಮೀಟರ್ ಉದ್ದದ ಎಳೆ ತುಂಡುತುಂಡಾಗುತ್ತದೆ. ಆದ್ದರಿಂದ ಅದು ಒಳಗೇ ಸಾಯಬೇಕು. ಕುದಿನೀರಿನಲ್ಲಿ ಗೂಡಿನ ಅಂಟು ಸಡಿಲವಾಗಿ, ಎಳೆ ರಾಟೆಗೆ ಏರುತ್ತಾ ಹೋದಂತೆ ತೊಟ್ಟಿಯಲ್ಲಿ ಉಳಿಯುವುದು ಬೆಂದ ಕಂದು ಹುಳು. ಅದರ ನಾತ ಬೀದಿಗೂ ಬರುತ್ತದೆ. ಈ ಕಸುಬಿನಲ್ಲಿ ಮುಸ್ಲಿಮರು ಬಹಳ ಮಂದಿ. ಅವರ ಧರ್ಮದಲ್ಲಿ ಗಂಡಸರಿಗೆ ರೇಷ್ಮೆ ನಿಷಿದ್ಧ. ಸತ್ತ ಜೀವ, ಹುಳುವಿನ ಬಾಯಿಂದ ಬಂದ ಎಂಜಲು, ಪರರ ಕೈ: ಮಡಿಯವರು ದೂರವಿಡುವುದೆಲ್ಲ ಮಗುಟದ ಹುಟ್ಟಿನಲ್ಲೇ ಇದೆ.

ಇದಕ್ಕೆ ಹೋಲಿಸಿದರೆ 18ನೇ ಶತಮಾನದ ಯುರೋಪಿನಲ್ಲಿ ಶುಚಿತ್ವದ ಲೆಕ್ಕವೇ ಬೇರೆ. ಮೈಗೆ ತಾಗುವ ನಾರುಬಟ್ಟೆಯ ಅಂಗಿ, ಒಳಚಡ್ಡಿ ಬೆವರು ಹೀರುತ್ತಿದ್ದವು. ಸ್ನಾನ ಅಪರೂಪವಾಗಿದ್ದ ಆ ಸಮಾಜದಲ್ಲಿ ಒಳ ಅಂಗಿಯ ಕಾಲರು, ತೋಳಿನಂಚಿನ ಬಿಳುಪೇ ಶುಚಿತ್ವಕ್ಕೆ ಸಾಕ್ಷಿ. ಅಲ್ಲಿನ ಶುಚಿತ್ವ ಕಣ್ಣಿಗೆ ಕಾಣುವಂಥದ್ದು. ಮಡಿ ಕಾಣುವುದಿಲ್ಲ: ಮಾಸಿದ ಮಗುಟ ಮಡಿಯಾಗಬಹುದು, ಹಾಲಿನಂಥ ಪಂಚೆ ಮೈಲಿಗೆಯಾಗಬಹುದು.

ಹಾಗಾದರೆ ರೇಷ್ಮೆಯ ಮಡಿಗೆ ಶುಚಿತ್ವ ಆಧಾರವಲ್ಲ. ಅಹಿಂಸೆಯಂತೂ ಅಲ್ಲವೇ ಅಲ್ಲ. ಉಟ್ಟವನನ್ನು ಯಾರು ಮುಟ್ಟಿದರು ಎಂಬುದನ್ನಷ್ಟೇ ಮಡಿ ಕೇಳುತ್ತದೆ. ನೂಲಾಗುವ ಮೊದಲು ಏನಾಯಿತೆಂಬುದು ಅದರ ಲೆಕ್ಕಕ್ಕಿಲ್ಲ. ಆ ಪ್ರಶ್ನೆ ಎತ್ತಿದ ಜೈನರಲ್ಲಿ ಹಲವರು ರೇಷ್ಮೆಯನ್ನೇ ಬಿಟ್ಟಿದ್ದಾರೆ. ಚಿಟ್ಟೆ ಹಾರಿಹೋದ ತೂತುಗೂಡಿನಿಂದಲೂ ಹತ್ತಿಯ ಹಾಗೆ ನೂಲು ತೆಗೆಯಲು ಬರುತ್ತದೆ. ಆದರೆ ಮಗುಟ ಕೊಳ್ಳುವಾಗ ಅಂಥ ನೂಲೇ ಬೇಕೆಂದು ಮಡಿಯ ಯಾವ ನಿಯಮವೂ ಹೇಳುವುದಿಲ್ಲ.